ಎಂಟು ಫಲಕದ ಮಡಚುಬೇಲಿ, ಎರಡು ಪುಟ್ಟ ನಾಯಿ, ಒಬ್ಬ ಬೀಗರ ಮನೆಯ ಭೀಮ

ಮೊದಲೇ ಹೇಳಿಬಿಡುವುದು ಒಳ್ಳೆಯದು: ಈ ಮಡಚುಬೇಲಿ ಮುಧೋಳ ನಾಯಿಯನ್ನು ತಡೆಯುವುದಿಲ್ಲ. ಎತ್ತರ 36 ಇಂಚು ಎಂದು ಡಬ್ಬಿಯ ಮೇಲೆ ಅಚ್ಚು ಹಾಕಿದ್ದಾರೆ, ಟೇಪು ಹಿಡಿದು ಅಳೆದಾಗ ಅದು ಸರಿಯಾಗಿಯೂ ಇತ್ತು. ಆದರೆ ನಮ್ಮ ಮನೆಗೆ 26 ದಿನಗಳ ಮಟ್ಟಿಗೆ ನೆಂಟನಾಗಿ ಬಂದಿದ್ದ ಭೀಮನೆಂಬ ಮುಧೋಳ ನಾಯಿ ಓಡಿ ಬಂದು ಜಿಗಿಯುವ ಕಷ್ಟವನ್ನೂ ತೆಗೆದುಕೊಳ್ಳದೆ, ನಿಂತಲ್ಲಿಂದಲೇ, ಸರಳಿಗೆ ಉಗುರು ಸಹ ತಾಗದಂತೆ ಆಚೆಗಿಳಿದುಬಿಟ್ಟಿತು. ಅಷ್ಟಾದರೂ ನಾನು ಬೇಲಿಯನ್ನು ಹಿಂದಿರುಗಿಸಲಿಲ್ಲ. ಯಾವ ಕೆಲಸಕ್ಕೆಂದು ತರಿಸಿದೆವೋ ಆ ಕೆಲಸಕ್ಕೆ ಬಾರದ ಈ ವಸ್ತು, ನಾವು ಎಣಿಸಿರದ ಮತ್ತೊಂದು ಕೆಲಸಕ್ಕೆ ಎಷ್ಟು ಚೆನ್ನಾಗಿ ಒದಗಿತೆಂದರೆ, ಪುಟ್ಟ ನಾಯಿಗಳಿರುವ ಮನೆಯವರಿಗೆ ಇದರ ಗುಣದೋಷಗಳನ್ನು ವಿವರವಾಗಿ ತಿಳಿಸಬೇಕೆನಿಸಿತು. ಇದೇ ಅಚ್ಚಿನ ಬೇಲಿಯನ್ನು ಆನ್‌ಲೈನಿನಲ್ಲಿ ಹಲವರು ಹಲವು ಹೆಸರಿನ ಚೀಟಿ ಅಂಟಿಸಿ ಮಾರುತ್ತಾರಾದ್ದರಿಂದ ಕಂಪನಿಯ ಹೆಸರು ಹೇಳಿ ಪ್ರಯೋಜನವಿಲ್ಲ, ವಸ್ತುವನ್ನಷ್ಟೇ ನೋಡೋಣ.

ನಮ್ಮದು ಬಳ್ಳಾರಿ. ಮನೆಯಲ್ಲಿ ನಾನು, ನಮ್ಮ ಯಜಮಾನರು, ಅತ್ತೆ, ಎಂಟನೆಯ ತರಗತಿಯ ಮಗ, ಇವರೊಂದಿಗೆ ಎರಡು ನಾಯಿಗಳು. ಒಂಬತ್ತು ವರ್ಷದ ಮುತ್ತು ಬಿಳಿಯ ಪಮೇರಿಯನ್. ನಮ್ಮ ಕಡೆ ಆ ಹೆಸರಿನಿಂದ ಕರೆಸಿಕೊಳ್ಳುವ ಬಹುಪಾಲು ನಾಯಿಗಳಂತೆ ಇದೂ ನಿಜಕ್ಕೆ ಇಂಡಿಯನ್ ಸ್ಪಿಟ್ಜ್ ತಳಿಯದೇ. ಮೂರು ವರ್ಷದ ಚಿನ್ನಿ ಡ್ಯಾಶ್‌ಹಂಡ್. ಮೈ ಉದ್ದ, ಕಾಲು ಗಿಡ್ಡ, ಹಟ ಮಾತ್ರ ಆನೆಯದು. ಇಬ್ಬರೂ ಮನೆಯೊಳಗೇ ಬೆಳೆದವರು, ಹಾಲಿನ ದಿವಾನದ ಕೆಳಗಿನ ಜಾಗ ಮುತ್ತುವಿನದು, ಅಡುಗೆಮನೆಯ ಹೊಸ್ತಿಲು ಚಿನ್ನಿಯದು. ಈ ಹಂಚಿಕೆಯನ್ನು ಯಾರೂ ಮಾಡಿಕೊಟ್ಟದ್ದಲ್ಲ, ಅವುಗಳೇ ಎಂದೋ ಮಾಡಿಕೊಂಡದ್ದು.

ಬಾಗಲಕೋಟೆಯಲ್ಲಿ ನೌಕರಿಯಲ್ಲಿರುವ ನನ್ನ ತಮ್ಮನಿಗೆ ಏಪ್ರಿಲ್ ತಿಂಗಳಲ್ಲಿ ಮೈಸೂರಿನಲ್ಲಿ ತರಬೇತಿ ಬಂತು. ‘ಅಕ್ಕಾ, ಭೀಮನ್ನ ನಿಮ್ಮ ಮನ್ಯಾಗ ಬಿಡ್ತೀನಿ, ಬ್ಯಾರೆ ಕಡೆ ಬಿಡಾಕ ಮನಸ್ಸು ಬರವಲ್ದು’ ಎಂದು ಫೋನಿನಲ್ಲಿ ಕೇಳಿದಾಗ ಇಲ್ಲವೆನ್ನಲಾಗಲಿಲ್ಲ. ಹೆಸರು ಭೀಮ, ಆದರೆ ಎಲ್ಲ ಮುಧೋಳ ನಾಯಿಗಳಂತೆ ಅದಕ್ಕೆ ಹೊಟ್ಟೆಯೇ ಇಲ್ಲ. ಪಕ್ಕೆಲುಬು ಎಣಿಸಬಹುದು, ಸೊಂಟ ಮುಷ್ಟಿಯಲ್ಲಿ ಹಿಡಿಯುವಷ್ಟು. ಭುಜದವರೆಗೆ 27 ಇಂಚು. ಮುಧೋಳ ನಾಯಿ ಬೇಟೆಗೆಂದೇ ಬೆಳೆದ ತಳಿ, ಮೂಗಿಗಿಂತ ಕಣ್ಣಿನಿಂದ ಬೇಟೆಯಾಡುವಂಥದು. ಮುಧೋಳದ ಘೋರ್ಪಡೆ ಅರಸರು ಸಾಕಿ ಉಳಿಸಿದ, 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ, ಸೇನೆಯವರೂ ತರಬೇತಿಗೆ ತೆಗೆದುಕೊಂಡ ನಾಯಿ ಅದು. ಆದರೆ ಈ ಕೀರ್ತಿಯೆಲ್ಲ ಬಯಲಿನಲ್ಲಿ ಸಂಪಾದಿಸಿದ್ದು. ಕಣ್ಣ ಮುಂದೆ ಚಿಕ್ಕದೇನಾದರೂ ಬೆಳ್ಳಗೆ, ಗುಂಡಗೆ, ಸರಕ್ಕನೆ ಓಡಿತೆಂದರೆ ಹಿಂಬಾಲಿಸುವುದು ಅದರ ರಕ್ತದಲ್ಲೇ ಇದೆ, ಮತ್ತು ನಮ್ಮ ಮುತ್ತು ಬೆಳ್ಳಗೆ, ಗುಂಡಗೆ ಇದ್ದು, ಬಾಗಿಲ ಗಂಟೆ ಬಾರಿಸಿದಾಗಲೆಲ್ಲ ಸರಕ್ಕನೆ ಓಡುತ್ತದೆ. ಬೇಲಿ ತರಿಸಲು ಕಾರಣವಾದ ಹೆದರಿಕೆ ಇಷ್ಟೇ.

ಬಂದದ್ದು ಇದು: ತಲಾ 24 ಇಂಚು ಅಗಲದ ಎಂಟು ಫಲಕಗಳು, ಅವುಗಳಲ್ಲಿ ಒಂದಕ್ಕೆ ಬಾಗಿಲು, ಬಾಗಿಲಿಗೆ ಮೇಲೊಂದು ಕೆಳಗೊಂದು ಚಿಲಕ, ಫಲಕಗಳನ್ನು ಜೋಡಿಸಲು ಮೇಲಿನಿಂದ ಇಳಿಬಿಡುವ ಉದ್ದನೆಯ ಕಂಬಿಗಳು, ನೆಲಕ್ಕೆ ಊರಲು ಎಂಟು ಗೂಟಗಳು. ಕಬ್ಬಿಣದ ಸರಳಿಗೆ ಕಪ್ಪು ಪೌಡರ್ ಕೋಟಿಂಗ್ ಇದೆ. ಸರಳು ಸರಳಿನ ನಡುವಿನ ಸಂದು ಒಂದೂವರೆ ಇಂಚು. ಚಿನ್ನಿಯ ಮೂತಿ ತೂರುತ್ತದೆ, ತಲೆ ತೂರುವುದಿಲ್ಲ. ಆದರೆ ಎರಡು ತಿಂಗಳ ಮರಿಗಳಿರುವವರು ಈ ಸಂದನ್ನು ಅಳೆದು ನೋಡಿಯೇ ಕೊಳ್ಳಬೇಕು, ತಲೆ ತೂರಿಸಿಕೊಂಡು ಹಿಂದಕ್ಕೆಳೆಯಲಾಗದೆ ಮರಿ ಗಾಬರಿಯಾಗುವ ಅಪಾಯವಿದೆ. ನಾನು ಕೊಟ್ಟ ಬೆಲೆ 4,350 ರೂಪಾಯಿ. ಮನೆಯ ತಕ್ಕಡಿಯಲ್ಲಿ ಕಂತುಕಂತಾಗಿ ತೂಗಿದಾಗ ಒಟ್ಟು 13 ಕಿಲೋ ಚಿಲ್ಲರೆ ಬಂತು. ಮಡಚಿದ ಮೇಲೆ ಒಬ್ಬರೇ ಎತ್ತಬಹುದು, ಆದರೆ ಅತ್ತೆಯಂಥ ವಯಸ್ಸಾದವರಿಗೆ ಆಗುವುದಿಲ್ಲ.

ವಿಸ್ತೀರ್ಣದ ವಿಷಯದಲ್ಲಿ ಡಬ್ಬಿಯ ಮೇಲಿನ ಚಿತ್ರ ಮೋಸ ಮಾಡುತ್ತದೆ ಎನ್ನಲಾರೆ, ಆದರೆ ಯೋಚಿಸುವಂತೆಯೂ ಮಾಡುವುದಿಲ್ಲ. ಎಂಟು ಫಲಕವನ್ನು ಎಂಟು ಮೂಲೆಯಾಗಿ ನಿಲ್ಲಿಸಿದರೆ ಒಳಗೆ 19 ಚದರ ಅಡಿಯಷ್ಟು ಜಾಗ ಸಿಗುತ್ತದೆ, ಚೌಕವಾಗಿ ನಿಲ್ಲಿಸಿದರೆ 16. ಎರಡು ಪುಟ್ಟ ನಾಯಿ, ಒಂದು ಹಾಸಿಗೆ, ನೀರಿನ ಬಟ್ಟಲು ಸೇರಿದರೆ ಇದು ಇಕ್ಕಟ್ಟೇ. ಹಾಲಿನ ಗೋಡೆಯನ್ನೇ ಒಂದು ಮಗ್ಗುಲನ್ನಾಗಿ ಮಾಡಿಕೊಂಡು, ಅತ್ತ ಎರಡು ಫಲಕ, ಇತ್ತ ಎರಡು, ಎದುರಿಗೆ ನಾಲ್ಕು ನಿಲ್ಲಿಸಿದರೆ ಅದೇ ಬೇಲಿ 32 ಚದರ ಅಡಿಯನ್ನು ಒಳಗೊಳ್ಳುತ್ತದೆ. ಈ ಲೆಕ್ಕವನ್ನು ಕಂಡುಹಿಡಿದವನು ಮಗ, ಗಣಿತದ ನೋಟುಬುಕ್ಕಿನ ಹಿಂಬದಿಯಲ್ಲಿ ಚಿತ್ರ ಬರೆದು ತೋರಿಸಿದ. ಗೋಡೆಯ ಕಡೆಯ ಎರಡು ತುದಿಗಳನ್ನು ಬಿಗಿಯುವುದಕ್ಕೆ ಮಾತ್ರ ಏನಾದರೂ ಆಸರೆ ಬೇಕು. ನಮ್ಮಲ್ಲಿ ಒಂದು ತುದಿಯನ್ನು ಕಿಟಕಿಯ ಗ್ರಿಲ್ಲಿಗೂ ಇನ್ನೊಂದನ್ನು ದಿವಾನದ ಕಾಲಿಗೂ ಕಟ್ಟಿದೆವು.

ಇನ್ನು ನೆಲದ ಮಾತು. ಬೇಲಿಯನ್ನು ರೂಪಿಸಿದವರು ಹುಲ್ಲಿನ ಅಂಗಳವನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದಾರೆಂಬುದು ಗೂಟಗಳನ್ನು ನೋಡಿದರೆ ತಿಳಿಯುತ್ತದೆ. ಬಳ್ಳಾರಿಯ ಮನೆಗಳ ನೆಲ ಕಡಪ ಕಲ್ಲಿನದು, ಇಲ್ಲವೆ ಗ್ರಾನೈಟ್ ಅಥವಾ ಟೈಲ್ಸ್. ಎಲ್ಲಿ ಗೂಟ ಹೊಡೆಯುವುದು? ನುಣುಪು ನೆಲದ ಮೇಲೆ ಚಿನ್ನಿ ಎದೆ ಕೊಟ್ಟು ನೂಕಿದರೆ ಇಡೀ ಬೇಲಿ ಕರಕರನೆ ಸರಿಯುತ್ತದೆ. ಆರೇಳು ಕಿಲೋ ತೂಕದ ನಾಯಿ 13 ಕಿಲೋ ಬೇಲಿಯನ್ನು ಎರಡು ಅಡಿ ಸರಿಸಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದು ನಿಂತದ್ದನ್ನು ನಾನೇ ಕಂಡಿದ್ದೇನೆ. ಕಲ್ಲಿನ ಮೇಲೆ ಬಿಳಿಯ ಗೀರು ಬಿದ್ದವು, ಸದ್ದಿಗೆ ಹಲ್ಲು ಜುಮ್ಮೆಂದಿತು. ರಬ್ಬರಿನ ಪಾದಗಳನ್ನು ಕೊಟ್ಟಿದ್ದರೆ ಎಷ್ಟು ಖರ್ಚಾಗುತ್ತಿತ್ತೋ ಕಾಣೆ, ಕೊಟ್ಟಿಲ್ಲ. ಪರಿಹಾರ ಊರಲ್ಲೇ ಸಿಕ್ಕಿತು. ಜೀನ್ಸ್ ಹೊಲಿಗೆಗೆ ಹೆಸರಾದ ಊರಿದು, ನಮ್ಮ ಓಣಿಯಲ್ಲೇ ಒಬ್ಬರು ಮನೆಯಲ್ಲಿ ಮಷಿನ್ ಇಟ್ಟುಕೊಂಡು ಪ್ಯಾಂಟು ಹೊಲಿಯುತ್ತಾರೆ. ಅವರಲ್ಲಿ ಕತ್ತರಿಸಿ ಉಳಿದ ಡೆನಿಮ್ ತುಂಡುಗಳನ್ನು ಒಂದು ಚೀಲ ತಂದು, ಪ್ರತಿ ಫಲಕದ ಕೆಳಸರಳಿಗೆ ಎರಡು ಕಡೆ ದಪ್ಪಗೆ ಸುತ್ತಿ ಸುತಳಿಯಿಂದ ಬಿಗಿದೆವು. ಸದ್ದು ನಿಂತಿತು, ಸರಿಯುವುದೂ ಮುಕ್ಕಾಲು ಪಾಲು ಕಡಿಮೆಯಾಯಿತು. ಉಳಿದ ತುಂಡುಗಳನ್ನು ತುಂಬಿ ಅತ್ತೆ ಎರಡು ಹಾಸಿಗೆ ಹೊಲಿದರು. ಅಂಗಡಿಯ ಹಾಸಿಗೆಯನ್ನು ಒಂದೇ ವಾರದಲ್ಲಿ ಹತ್ತಿ ಹತ್ತಿಯಾಗಿ ಬಿಡಿಸಿದ್ದ ಚಿನ್ನಿಗೆ ಡೆನಿಮ್ ಇನ್ನೂ ಬಗ್ಗಿಲ್ಲ.

ಬಾಗಿಲಿನ ಕೆಳಗೆ ನಾಲ್ಕು ಇಂಚಿನಷ್ಟು ಎತ್ತರದ ಅಡ್ಡಪಟ್ಟಿಯೊಂದಿದೆ, ಒಂದು ಬಗೆಯ ಹೊಸ್ತಿಲು. ಬೇರೆ ನಾಯಿಗಳಿಗೆ ಇದು ಲೆಕ್ಕಕ್ಕಿಲ್ಲ. ಡ್ಯಾಶ್‌ಹಂಡಿಗೆ ಮಾತ್ರ ದೊಡ್ಡ ತೊಂದರೆ. ಅವುಗಳ ಬೆನ್ನು ಉದ್ದ, ಬೆನ್ನೆಲುಬಿನ ಮಣಿಗಳ ನಡುವಿನ ಮೆತ್ತೆ ಜಾರಿ ಹಿಂಗಾಲು ಬೀಳುವ ರೋಗ ಈ ತಳಿಯಲ್ಲಿ ಹೆಚ್ಚು, ಆದ್ದರಿಂದ ಮಂಚ, ಮೆಟ್ಟಿಲುಗಳಿಂದ ಹಾರಲು ಬಿಡಬಾರದೆಂದು ವೈದ್ಯರು ಮೊದಲಿನಿಂದಲೂ ಹೇಳಿಕೊಂಡು ಬಂದಿದ್ದಾರೆ. ಚಿನ್ನಿ ಮುಂಗಾಲು ದಾಟಿಸಿ, ಹೊಟ್ಟೆಯನ್ನು ಪಟ್ಟಿಯ ಮೇಲೆ ಆನಿಸಿ, ಹಿಂಗಾಲು ಎತ್ತಲಾಗದೆ ತಕ್ಕಡಿಯ ದಂಡಿಯಂತೆ ತೂಗುತ್ತಿದ್ದುದನ್ನು ನೋಡಿ ಮಗ ನಕ್ಕ. ನನಗೆ ನಗು ಬರಲಿಲ್ಲ. ಒಳಗೊಂದು ಹೊರಗೊಂದು ಹಳೆಯ ರಗ್ಗನ್ನು ಮಡಚಿ ಇಳಿಜಾರು ಮಾಡಿದ ಮೇಲೆಯೇ ಬಾಗಿಲು ಬಳಕೆಗೆ ಬಂತು. ಪುಟ್ಟ ನಾಯಿಗಳಿಗೆಂದೇ ಮಾರುವ ಬೇಲಿಗೆ ಈ ಹೊಸ್ತಿಲು ಯಾಕೆ ಎಂಬುದು ಇಂದಿಗೂ ನನಗೆ ಹೊಳೆದಿಲ್ಲ.

ಭೀಮ ಬಂದದ್ದು ಒಂದು ಭಾನುವಾರ. ಇಳಕಲ್ಲು, ಕುಷ್ಟಗಿ, ಹೊಸಪೇಟೆ ದಾಟಿ ತಮ್ಮನ ಕಾರಿನಲ್ಲಿ. ನಾಯಿಗಳನ್ನು ಮನೆಯೊಳಗೆ ಎದುರುಬದುರು ಬಿಡದೆ, ಬೆಳಗಿನ ತಂಪಿನಲ್ಲಿ ಮೈದಾನಕ್ಕೆ ಕರೆದೊಯ್ದು, ಮೂರಕ್ಕೂ ಬೆಲ್ಟು ಹಾಕಿ, ದೂರದೂರ ನಡೆಸುತ್ತ ಹತ್ತಿರ ತಂದೆವು. ಯಾರ ಮನೆಯೂ ಅಲ್ಲದ ಜಾಗದಲ್ಲಿ ಜಗಳಕ್ಕೆ ಕಾರಣ ಕಡಿಮೆ. ರಾತ್ರಿ ಭೀಮನನ್ನು ಬೇಲಿಯೊಳಗೆ ಹಾಕುವುದು, ಮುತ್ತು ಚಿನ್ನಿಯನ್ನು ಎಂದಿನಂತೆ ಹಾಲಿನಲ್ಲಿ ಬಿಡುವುದು ಎಂದು ನಿಶ್ಚಯಿಸಿದ್ದೆವು. ಅತ್ತೆಗೆ ಇದು ಸರಿಬರಲಿಲ್ಲ. ‘ಬೀಗರ ಮನಿ ನಾಯಿನ್ನ ಜೈಲಿಗೆ ಹಾಕೀಯಲ್ಲವ್ವಾ, ನಿನ್ನ ತಮ್ಮಗ ಗೊತ್ತಾದ್ರ ಏನಂದಾನು?’ ಎಂದು ಮೂರು ಸಲ ಅಂದರು. ಹನ್ನೊಂದರ ಹೊತ್ತಿಗೆ ಕರೆಂಟು ಹೋಗಿ ಕೂಲರ್ ನಿಂತಿತು. ಆ ನಿಶ್ಶಬ್ದದಲ್ಲಿ ಕಲ್ಲಿನ ಮೇಲೆ ನಾಲ್ಕು ಪಾದ ಮೆತ್ತಗೆ ಬಿದ್ದ ಸದ್ದು. ಟಾರ್ಚು ಹಾಕಿ ನೋಡಿದರೆ ಬೇಲಿ ಇದ್ದಂತೆಯೇ ಇದೆ, ಎರಡೂ ಚಿಲಕ ಭದ್ರವಾಗಿವೆ, ಭೀಮ ಮಗನ ಮಂಚದ ಕೆಳಗೆ ಮೈಚಾಚಿ ಮಲಗಿದೆ. ಅದು ಯಾರ ತಂಟೆಗೂ ಹೋಗಲಿಲ್ಲ. ಮುತ್ತು ಮಾತ್ರ ದಿವಾನದ ಕೆಳಗಿನಿಂದ ಎರಡು ಗಂಟೆಯವರೆಗೆ ಗುರುಗುಡುತ್ತಲೇ ಇತ್ತು.

ಬೆಳಿಗ್ಗೆ ಯಜಮಾನರು ಡಬ್ಬಿಯನ್ನು ಹುಡುಕತೊಡಗಿದರು, ಹಿಂದಕ್ಕೆ ಕಳುಹಿಸಲು. ಆಗ ಅತ್ತೆ ಯಾರನ್ನೂ ಕೇಳದೆ ಮುತ್ತುವಿನ ಹಾಸಿಗೆಯನ್ನು ದಿವಾನದ ಕೆಳಗಿನಿಂದೆಳೆದು ಬೇಲಿಯೊಳಗೆ ಹಾಸಿ, ಬಾಗಿಲನ್ನು ತೆರೆದೇ ಇಟ್ಟರು. ‘ಮನಿ ಇದರದು. ನೆಂಟರು ಬಂದಾಗ ಮನಿಯವರಿಗೆ ಒಂದು ಖೋಲಿ ಬ್ಯಾಡೇನು?’ ಎಂದರು. ಅರ್ಧ ಗಂಟೆಯೊಳಗೆ ಮುತ್ತು ತಾನಾಗಿಯೇ ಒಳಗೆ ಹೋಗಿ, ಎರಡು ಸುತ್ತು ಸುತ್ತಿ, ಮಲಗಿ ನಿದ್ದೆ ಹೋಯಿತು.

ಅಂದಿನಿಂದ ಬೇಲಿಯ ಕೆಲಸ ತಿರುಗುಮುರುಗಾಯಿತು. ಎಳೆಯ ವಯಸ್ಸಿನ ಭೀಮನಿಗೆ ಆಟದ ಹುಮ್ಮಸ್ಸು, ಒಂಬತ್ತು ವರ್ಷದ ಮುತ್ತುವಿಗೆ ಮಧ್ಯಾಹ್ನದ ನಿದ್ದೆಯೇ ಮುಖ್ಯ. ಸಾಕೆನಿಸಿದಾಗ ಎದ್ದು ಹೋಗಲು ಅದಕ್ಕೊಂದು ಜಾಗ ಸಿಕ್ಕಿತು. ಅದು ಒಳಹೊಕ್ಕ ಕೂಡಲೇ ನಮ್ಮಲ್ಲೊಬ್ಬರು ಚಿಲಕ ಹಾಕುವುದು ರೂಢಿಯಾಯಿತು. ಹಾಗಾದರೆ ಹೊರಕ್ಕೆ ಹಾರಿದ ನಾಯಿ ಒಳಕ್ಕೆ ಹಾರದೇ ಎಂದು ಓದುವವರು ಕೇಳಬಹುದು. ಹಾರಬಲ್ಲದು, ಆ ಅರಿವು ನಮಗೆ ಸದಾ ಇತ್ತು. ಎರಡು ಉಪಾಯ ಮಾಡಿದೆವು. ಕಣ್ಣಿನಿಂದ ಬೇಟೆಯಾಡುವ ನಾಯಿಯ ಕಣ್ಣಿಗೆ ಬೀಳದಂತೆ ಎದುರಿನ ನಾಲ್ಕು ಫಲಕಗಳಿಗೆ ಹಳೆಯ ಚಾದರವನ್ನು ಬಿಗಿದು ಕಟ್ಟಿದೆವು. ಒಳಗೆ ಓಡಾಟ ಕಾಣದಿದ್ದರೆ ಹೊರಗಿನವನಿಗೆ ಆಸಕ್ತಿ ಅರ್ಧಕ್ಕೆ ಇಳಿಯುತ್ತದೆ. ಎರಡನೆಯದಾಗಿ, ಮನೆಯಲ್ಲಿ ದೊಡ್ಡವರು ಯಾರೂ ಇಲ್ಲದಾಗ ಬೇಲಿಯನ್ನು ನಂಬದೆ ಭೀಮನನ್ನು ಕೋಣೆಯಲ್ಲಿ ಬಿಟ್ಟು ಬಾಗಿಲು ಹಾಕಿಯೇ ಹೊರಡುತ್ತಿದ್ದೆವು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುವುದರಿಂದ ಬಿಸಿಲು ನೆತ್ತಿಗೇರುವಷ್ಟರಲ್ಲಿ ನಾನು ಮನೆಗೆ ಮರಳುತ್ತಿದ್ದೆ; ಬೇರೆ ತಿಂಗಳಾಗಿದ್ದರೆ ಈ ಏರ್ಪಾಟು ನಡೆಯುತ್ತಿತ್ತೋ ಇಲ್ಲವೋ.

ಬೇಲಿ ನಿಜವಾಗಿ ತನ್ನ ಬೆಲೆಯನ್ನು ತೀರಿಸಿದ್ದು ಊಟದ ಹೊತ್ತಿನಲ್ಲಿ. ನಾಯಿ ನಾಯಿಯ ನಡುವಿನ ಜಗಳಗಳಲ್ಲಿ ಹೆಚ್ಚಿನವು ಬಟ್ಟಲಿನ ಸುತ್ತ ಹುಟ್ಟುತ್ತವೆ. ಭೀಮ ತನ್ನ ಅನ್ನ, ಮೊಟ್ಟೆಯನ್ನು ಎರಡು ನಿಮಿಷದಲ್ಲಿ ನುಂಗಿ, ಮುತ್ತು ಒಂದೊಂದೇ ಅಗುಳನ್ನು ಯೋಚಿಸುತ್ತ ತಿನ್ನುವುದನ್ನು ನೋಡುತ್ತ ನಿಲ್ಲುತ್ತಿತ್ತು. ಮುತ್ತು ಬೇಲಿಯ ಒಂದು ತುದಿಯಲ್ಲಿ, ಚಿನ್ನಿ ಇನ್ನೊಂದು ತುದಿಯಲ್ಲಿ, ಭೀಮ ಅಡುಗೆಮನೆಯ ಹಿಂದಿನ ಕಟ್ಟೆಯ ಮೇಲೆ ಎಂದು ಮಾಡಿದ ಮೇಲೆ ಮುತ್ತುವಿನ ಊಟ ಮತ್ತೆ ಇಪ್ಪತ್ತು ನಿಮಿಷಕ್ಕೆ ಮರಳಿತು. ಮನುಷ್ಯರ ಊಟದ ಹೊತ್ತಿಗೂ ಇದೇ ಉಪಕಾರ. ಭಾನುವಾರ ನಮ್ಮಲ್ಲಿ ವಗ್ಗರಣಿ, ಮಿರ್ಚಿ. ಹಾಲಿನಲ್ಲಿ ಕೆಳಗೆ ಕುಳಿತು ತಿನ್ನುವ ಮನೆ ನಮ್ಮದು, ಮಂಡಕ್ಕಿ ಉದುರುತ್ತದೆ, ಅದರ ಜೊತೆಗೆ ಈರುಳ್ಳಿಯೂ. ಈರುಳ್ಳಿ, ಬೆಳ್ಳುಳ್ಳಿ ಹಸಿಯಾಗಿರಲಿ ಬೆಂದಿರಲಿ ನಾಯಿಗಳ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ತೂಕ ಕಡಿಮೆಯಿರುವ ನಾಯಿಗೆ ಸ್ವಲ್ಪವೇ ಹೆಚ್ಚಾಗುತ್ತದೆ. ಅತ್ತೆಗೆ ಇದನ್ನು ನಂಬಿಸಲು ನನಗೆ ಎರಡು ವರ್ಷ ಹಿಡಿದಿತ್ತು. ಈಗ ತಟ್ಟೆಗಳು ಬರುವ ಮೊದಲು ಚಿನ್ನಿಯನ್ನು ಅವರೇ ಎತ್ತಿ ಬೇಲಿಯೊಳಗೆ ಬಿಡುತ್ತಾರೆ, ಕಸ ಗುಡಿಸಿದ ಮೇಲೆ ಅವರೇ ತೆಗೆಯುತ್ತಾರೆ. ದ್ರಾಕ್ಷಿ, ಒಣದ್ರಾಕ್ಷಿಗಳೂ ಇದೇ ಪಟ್ಟಿಗೆ ಸೇರಿದವು, ಹಬ್ಬದ ದಿನ ಪಾಯಸ ಹಂಚುವವರು ನೆನಪಿಡಬೇಕು.

ಬೇಸಿಗೆಯ ಮಾತಿಲ್ಲದೆ ಬಳ್ಳಾರಿಯಲ್ಲಿ ಯಾವ ವಸ್ತುವಿನ ವಿಮರ್ಶೆಯೂ ಮುಗಿಯುವುದಿಲ್ಲ. ಬಿಸಿಲು 40 ಡಿಗ್ರಿ ದಾಟುವ ಊರಿನಲ್ಲಿ ಕಬ್ಬಿಣದ ಕಪ್ಪು ಬೇಲಿಯನ್ನು ಮಾಳಿಗೆಯ ಮೇಲೆ ಒಂದು ದಿನ ಬಿಟ್ಟಿದ್ದೆವು; ಸಂಜೆ ಆರಕ್ಕೆ ಮುಟ್ಟಿದ ನಾನು ಕೈ ಹಿಂದಕ್ಕೆಳೆದುಕೊಂಡೆ. ಹೊರಗೆ ಬಳಸಬಹುದು ಎಂಬ ಮಾರಾಟಗಾರರ ಮಾತು ನಮ್ಮ ಕಡೆ ದೀಪಾವಳಿಯಿಂದ ಶಿವರಾತ್ರಿಯವರೆಗೆ ಮಾತ್ರ ಸತ್ಯ. ಒಳಗೆ ಇಡುವಾಗಲೂ ಗಾಳಿಯ ದಾರಿಯನ್ನು ನೋಡಿ ಇಡಬೇಕು. ನಾಯಿ ಮೈಯಿಂದ ನಮ್ಮಂತೆ ಬೆವರುವುದಿಲ್ಲ, ನಾಲಗೆ ಚಾಚಿ ಏದುಸಿರು ಬಿಡುತ್ತಲೇ ಮೈಯ ಕಾವನ್ನು ಇಳಿಸಿಕೊಳ್ಳುತ್ತದೆ. ಸುತ್ತಲಿನ ಗಾಳಿಯೇ ಬಿಸಿಯಾಗಿ ನಿಂತುಬಿಟ್ಟರೆ ಆ ದಾರಿಯೂ ಮುಚ್ಚಿದಂತೆ. ಚಾದರವನ್ನು ಮೂರೂ ಕಡೆ ಕಟ್ಟಿದ ದಿನ ಒಳಗೆ ಸೆಕೆಯಾಗಿ ಮುತ್ತು ಏದುತ್ತಿದ್ದುದನ್ನು ಕಂಡು, ಕೂಲರಿನ ಎದುರಿನ ಎರಡು ಫಲಕಗಳನ್ನು ತೆರವು ಮಾಡಿದೆವು. ಬೇಲಿಗೆ ತೂಗುಹಾಕುವ ಸ್ಟೀಲಿನ ಬಟ್ಟಲಿನ ಬದಲು ಮಣ್ಣಿನ ಅಗಲ ಬಾನಿಯಲ್ಲಿ ನೀರಿಟ್ಟರೆ ಮಧ್ಯಾಹ್ನದವರೆಗೂ ತಣ್ಣಗಿರುತ್ತದೆ, ಚಿನ್ನಿ ಉರುಳಿಸಲೂ ಆಗುವುದಿಲ್ಲ. ಸೆಕೆಯೆಂದು ಮುತ್ತುವಿನ ಕೂದಲನ್ನು ಬೋಳಿಸಲು ಹಲವರು ಹೇಳಿದರು. ಆ ತಳಿಯ ಎರಡು ಪದರದ ಕೂದಲು ಬಿಸಿಲಿನಿಂದ ಮೈಯನ್ನು ಕಾಪಾಡುವುದರಿಂದ ಬೋಳಿಸದೆ ಬಾಚಿದೆವು.

ನೆಂಟನ ಜೊತೆಗೆ ಕರೆಯದ ನೆಂಟರೂ ಬಂದಿದ್ದರು. ಎರಡನೆಯ ದಿನ ಭೀಮನ ಕಿವಿಯ ಹಿಂದೆ ರಕ್ತ ಹೀರುವ ಎರಡು ಉಣ್ಣೆಹುಳ ಸಿಕ್ಕವು. ನಾಯಿಯ ಕಂದು ಉಣ್ಣೆ ಬಾಳಿನ ಹೆಚ್ಚಿನ ಕಾಲವನ್ನು ನಾಯಿಯ ಮೈಮೇಲಲ್ಲ, ಗೋಡೆಯ ಬಿರುಕು, ಕಲ್ಲಿನ ಸಂದುಗಳಲ್ಲಿ ಕಳೆಯುತ್ತದೆ, ಒಂದು ಹೆಣ್ಣು ಸಾವಿರಗಟ್ಟಲೆ ಮೊಟ್ಟೆಯಿಡುತ್ತದೆ, ಉಣ್ಣೆಜ್ವರವನ್ನು ಹರಡುವುದೂ ಅದೇ. ಪಶುವೈದ್ಯರ ಬಳಿ ಮೂರಕ್ಕೂ ಔಷಧ ಹಾಕಿಸಿ, ಮೂರು ದಿನ ಅವುಗಳನ್ನು ಬೇರೆಬೇರೆ ಮಲಗಿಸಿದೆವು. ಬೇಲಿಯಿಲ್ಲದಿದ್ದರೆ ಹಾಲೊಂದರಲ್ಲೇ ಇದು ಸಾಧ್ಯವಾಗುತ್ತಿರಲಿಲ್ಲ. ಫಲಕಗಳನ್ನು ಕಳಚಿ ಬಚ್ಚಲಿನಲ್ಲಿ ತೊಳೆಯಲು ಬರುವುದು ಇದರ ದೊಡ್ಡ ಗುಣ. ನೆಂಟ ನಾಯಿಯನ್ನು ಬರಮಾಡಿಕೊಳ್ಳುವವರು ಬೇಲಿಗಿಂತ ಮೊದಲು ಲಸಿಕೆಯ ಪುಸ್ತಕವನ್ನೂ ಉಣ್ಣೆಯ ಔಷಧ ಹಾಕಿದ ತಾರೀಖನ್ನೂ ಕೇಳಬೇಕು; ತಮ್ಮನೆಂಬ ಸಲುಗೆಯಿಂದ ನಾನು ಎರಡನೆಯದನ್ನು ಕೇಳಿರಲಿಲ್ಲ.

ದೋಷಗಳಲ್ಲಿ ಇನ್ನೆರಡು ಉಳಿದಿವೆ. ಹತ್ತನೆಯ ದಿನ ಬಾಗಿಲಿನ ಕೆಳಚಿಲಕದ ಬೆಸುಗೆ ಬಿಟ್ಟುಕೊಂಡಿತು. ಯಾವ ನಾಯಿಯೂ ಅದನ್ನು ಕಡಿದಿರಲಿಲ್ಲ, ದಿನಕ್ಕೆ ಇಪ್ಪತ್ತು ಸಲ ತೆಗೆದು ಹಾಕಿದ್ದಷ್ಟೇ ಕಾರಣ. ಮಾರಾಟಗಾರರಿಗೆ ಫೋಟೊ ಸಹಿತ ಬರೆದರೆ, ಏಳು ದಿನದ ಅವಧಿ ಮುಗಿದಿದೆ, ಹೊಸ ಬೇಲಿ ಕೊಂಡರೆ ರಿಯಾಯಿತಿ ಕೊಡುತ್ತೇವೆ ಎಂಬ ಉತ್ತರ ಬಂತು. ಮತ್ತೆ ಬರೆದದ್ದಕ್ಕೆ ಅದೇ ಉತ್ತರ ಅದೇ ಅಕ್ಷರಗಳಲ್ಲಿ ಬಂತು. ಕಡೆಗೆ ಫಲಕವನ್ನು ಸ್ಕೂಟರಿನಲ್ಲಿಟ್ಟುಕೊಂಡು ವೆಲ್ಡಿಂಗ್ ಅಂಗಡಿಗೆ ಹೋದೆ, 50 ರೂಪಾಯಿಗೆ ಐದು ನಿಮಿಷದ ಕೆಲಸ. ಬೆಸುಗೆ ಹಾಕಿದವರು ಸರಳನ್ನು ಉಗುರಿನಿಂದ ಬಾರಿಸಿ ನೋಡಿ, ‘ಕೊಳವಿ ಐತಿ ಅಕ್ಕಾ, ಒಳಗ ಗಟ್ಟಿ ಇಲ್ಲ’ ಎಂದರು. ಚೌಕಟ್ಟು ಪೊಳ್ಳು ಎಂಬುದು ಆಗಲೇ ನನಗೆ ತಿಳಿದದ್ದು. ಎರಡನೆಯ ದೋಷ, ಚಿನ್ನಿ ಹಲ್ಲು ಹಾಕಿದ ಕಡೆ ಕೋಟಿಂಗ್ ಚಕ್ಕೆಯೇಳುತ್ತದೆ, ಅಲ್ಲಿಗೆ ಉಚ್ಚೆಯ ಉಪ್ಪು ತಗುಲಿ ಮೂರೇ ವಾರದಲ್ಲಿ ತುಕ್ಕು ಕಾಣಿಸಿಕೊಂಡಿತು. ಸೀಸವಿಲ್ಲದ ಬಣ್ಣವನ್ನು ಕೇಳಿ ತಂದು ಹಚ್ಚಿ, ಪೂರ್ತಿ ಒಣಗುವವರೆಗೆ ನಾಲ್ಕು ದಿನ ಆ ಫಲಕವನ್ನು ದೂರವಿಟ್ಟೆವು.

ಅದೇ ಅಂಗಡಿಯಲ್ಲಿ ಇಂಥದೇ ಬೇಲಿಯನ್ನು ಗಟ್ಟಿ ಸರಳಿನಲ್ಲಿ ಮಾಡಿಕೊಡಲು ಎಷ್ಟಾಗುತ್ತದೆಂದು ಕೇಳಿದೆ. ನಾಲ್ಕೂವರೆ ಅಡಿ ಎತ್ತರಕ್ಕೆ 6,000 ರೂಪಾಯಿ ಎಂದರು, ಬಾಗಿಲಿಗೆ ಹೊಸ್ತಿಲಿಲ್ಲದೆ, ಕಾಲಿಗೆ ರಬ್ಬರಿನ ಬುಷ್ ಸಹಿತ. ದೊಡ್ಡ ನಾಯಿಯನ್ನು ಖಾಯಂ ಸಾಕುವವರಿಗೆ ಇದೇ ಸರಿ. ಎತ್ತರ ಬೇಕು, ತೂಕವೂ ಬೇಕು. ಆದರೆ ಅದನ್ನು ಮಡಚಿ ಬಾಗಿಲ ಹಿಂದೆ ಒರಗಿಸಲಾಗದು, ಮನೆಗೆ ಬಂದವರು ಕೂರಲು ಜಾಗ ಬೇಕಾದಾಗ ಮೂರು ನಿಮಿಷದಲ್ಲಿ ತೆಗೆಯಲಾಗದು. ಹಾಗಾಗಿ ನನ್ನ ಅಭಿಪ್ರಾಯ ಹೀಗಿದೆ: ಹತ್ತು ಕಿಲೋ ಒಳಗಿನ ನಾಯಿಗಳಿರುವ, ಹಾಲು ಒಂದೇ ಇರುವ, ವರ್ಷಕ್ಕೊಮ್ಮೆ ನೆಂಟ ನಾಯಿಯೋ ತೆವಳುವ ಕೂಸೋ ಬರುವ ಮನೆಗೆ ಈ ಮಡಚುಬೇಲಿ ಯೋಗ್ಯ, ಐದಕ್ಕೆ ಮೂರೂವರೆ ಕೊಡುತ್ತೇನೆ. ಹೊಸ್ತಿಲಿಗೆ ಅರ್ಧ, ಚಿಲಕಕ್ಕೂ ಆ ಉತ್ತರಕ್ಕೂ ಸೇರಿ ಒಂದು ಕಳೆದಿದ್ದೇನೆ. ಭೀಮ ಹಾರಿದ್ದಕ್ಕೆ ಏನನ್ನೂ ಕಳೆದಿಲ್ಲ, ಅದು ಬೇಲಿಯ ತಪ್ಪಲ್ಲ, ತಳಿಯನ್ನು ತಿಳಿದೂ 36 ಇಂಚು ತರಿಸಿದ ನನ್ನ ತಪ್ಪು.

ತಮ್ಮ ಬಂದು ಭೀಮನನ್ನು ಕರೆದುಕೊಂಡು ಹೋಗಿ ಎರಡು ವಾರವಾಯಿತು. ಕಂಬಿಗಳನ್ನು ಕಿತ್ತರೆ ಫಲಕಗಳು ನಾಲ್ಕು ನಾಲ್ಕಾಗಿ ಬೇರೆಯಾಗುತ್ತವೆಂದು ತಿಳಿದ ಮೇಲೆ ಅತ್ತೆ ನಾಲ್ಕನ್ನು ಮಾಳಿಗೆಗೆ ಒಯ್ಯಿಸಿದ್ದಾರೆ; ಚೌಕವಾಗಿ ನಿಲ್ಲಿಸಿ, ಮೇಲೆ ಹಳೆಯ ಸೀರೆ ಬಿಗಿದು, ಕಾಗೆಗೆ ಎಟುಕದಂತೆ ಒಳಗೆ ಸಂಡಿಗೆ ಒಣಗಿಸುತ್ತಾರೆ. ಬಾಗಿಲಿರುವ ಇನ್ನು ನಾಲ್ಕು ಹಾಲಿನ ಮೂಲೆಯಲ್ಲೇ ಇವೆ. ದಿವಾನದ ಕೆಳಗಿನ ಜಾಗವನ್ನು ಚಿನ್ನಿ ಹಿಡಿದುಕೊಂಡಿದೆ, ಮುತ್ತು ಮಧ್ಯಾಹ್ನ ಊಟವಾದ ಮೇಲೆ ಬೇಲಿಯೊಳಗೆ ಹೋಗಿ ಬಾಗಿಲ ಕಡೆ ನೋಡುತ್ತದೆ, ಯಾರಾದರೂ ಎದ್ದು ಚಿಲಕ ಹಾಕುವವರೆಗೆ ಮಲಗುವುದಿಲ್ಲ.